ಬೇಗೂರಿನ ಮೂರು ಕಲ್ಲುಗಳು ಮತ್ತು ಯೋಧಸ್ಮರಣೆ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಳಿದರೆ ಬೇಗೂರು ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳಿಗೂ ಈ ಊರಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರುಗಳ ಅಂತರ. ಗಂಗರ ಕಾಲದಲ್ಲಿ ಬೆಂಪೂರು ಎನಿಸಿಕೊಂಡಿದ್ದ ಬೇಗೂರು ಸುತ್ತಲಿನ ಹಳ್ಳಿಗಳ ಒಂದು ಕಿರುನಾಡಿಗೆ ತಲೆಯೂರಾಗಿತ್ತು. ಒಂಬತ್ತನೆಯ ಶತಮಾನದ ಕೊನೆ, ಹತ್ತನೆಯ ಶತಮಾನದ ಆದಿ. ಆ ಸಂಧಿಕಾಲದಲ್ಲಿ ಈ ಊರಿನ ಒಂದು ಮನೆಯ ಸುತ್ತ ಸಂಭವಿಸಿದ ಮೂರು ಮರಣಗಳನ್ನು ಮೂರು ಕಲ್ಲುಗಳು ಹೇಳುತ್ತವೆ. ಮೂರರಲ್ಲಿಯೂ ಬರುವ ಹೆಸರು ನಾಗತ್ತರ. ಅದು ವ್ಯಕ್ತಿಯ ಹೆಸರಾಗಿರುವಂತೆ ಪದವಿಯ ಹೆಸರೂ ಆಗಿತ್ತು. ಆದುದರಿಂದ ಮೂರು ಕಲ್ಲುಗಳ ನಾಗತ್ತರನೂ ಒಬ್ಬನೇ ಎಂದು ಪಟ್ಟುಹಿಡಿಯಬೇಕಾಗಿಲ್ಲ. ಮನೆಯ ಹೆಸರು ಒಂದೇ ಎಂದರೆ ಸಾಕು.

ಮೊದಲನೆಯದು ದೊಡ್ಡ ವೀರಗಲ್ಲು. ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗರ ಎರೆಯಪ್ಪನು ವೀರಮಹೇಂದ್ರನೊಡನೆ ಕಾದಲು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಗಳಿಗೆ ಎದುರಾಗಿ ಹೋರಾಡಿ ಮಡಿದನು. ಕಲ್ಲಿನ ಮೇಲೆ ಆನೆ, ಕುದುರೆ, ಬಿದ್ದ ಆಳುಗಳು ಎಲ್ಲವೂ ಕಿಕ್ಕಿರಿದಿವೆ. ಎರಡನೆಯದು ಸುಮಾರು ಕ್ರಿ.ಶ. 890ರದೆಂದು ಹೇಳಲಾಗುವ ಶಾಸನ. ಊರಿನ ಪಂಚಲಿಂಗೇಶ್ವರ ದೇವಾಲಯದಲ್ಲಿದೆ. ನಾಗತ್ತರನ ಮನೆಗೆ ಸೇರಿದವನೊಬ್ಬನು ‘ಬೆಂಗಳೂರ ಕಾಳಗ’ದಲ್ಲಿ ಸತ್ತನೆಂದು ಅದು ತಿಳಿಸುತ್ತದೆ. ಬೇಯಿಸಿದ ಕಾಳಿನ ಕತೆಯನ್ನು ಹೇಳಿ ಮಕ್ಕಳನ್ನು ರಂಜಿಸುವ ನಗರದ ಹೆಸರು ಲಿಖಿತ ದಾಖಲೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಒಬ್ಬ ಆಳಿನ ಸಾವಿನ ಸುದ್ದಿಯಲ್ಲಿ. ಮೂರನೆಯದು ನಿಷಿಧಿ. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನದಿಂದ ದೇಹತ್ಯಾಗ ಮಾಡಿದುದಕ್ಕೆ ನಿಂತ ಕಲ್ಲು.

ಕಾಳಗದಲ್ಲಿ ಬಿದ್ದವರು, ವ್ರತದಲ್ಲಿ ಮುಗಿದವಳು: ಇಬ್ಬಗೆಯ ಮರಣವನ್ನೂ ಆ ಊರು ಕಲ್ಲಿಗೇರಿಸಿತು. ಆದರೆ ಒಂದನ್ನು ಇನ್ನೊಂದೆಂದು ಕರೆಯಲಿಲ್ಲ. ವೀರಗಲ್ಲನ್ನು ನಿಷಿಧಿ ಎನ್ನಲಿಲ್ಲ, ನಿಷಿಧಿಯನ್ನು ವೀರಗಲ್ಲೆನ್ನಲಿಲ್ಲ. ಯುದ್ಧದಲ್ಲಿ ಮಡಿದವರನ್ನು ಸಮಾಜ ಹೇಗೆ ಗೌರವಿಸಬೇಕೆಂಬ ಇಂದಿನ ಮಾತಿಗೆ ಈ ವಿವೇಕ ಒಳ್ಳೆಯ ಒರೆಗಲ್ಲು.

ತುಂಬೆಪಾಡಿಯ ಕಲ್ಲಿನಲ್ಲಿ ಶಿಲ್ಪಕ್ಕಿಂತ ಹೆಚ್ಚು ಗಮನಿಸಬೇಕಾದುದು ಅದರ ಬರೆಹದ ಉತ್ತರಾರ್ಧ. ನಾಗತ್ತರನು ಬಿದ್ದನೆಂದು ಕೇಳಿದ ಅರಸನು ಶೋಕ ವ್ಯಕ್ತಪಡಿಸಿದನೇ ಎಂಬುದು ಅಲ್ಲಿಲ್ಲ. ಇರುವುದು ಇಷ್ಟು: ನಾಗತ್ತರನ ಪದವಿಯನ್ನು ಇರುಗನಿಗೆ ಕಟ್ಟಿದನು, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಅನಂತರ ಹಳ್ಳಿಗಳ ಹೆಸರು ಒಂದೊಂದಾಗಿ ಬರುತ್ತವೆ. ಸ್ತುತಿ ಮುಗಿದಲ್ಲಿ ಶಾಸನ ಮುಗಿಯುವುದಿಲ್ಲ. ಅಲ್ಲಿಂದ ಲೆಕ್ಕ ಆರಂಭವಾಗುತ್ತದೆ. ಹಳಗನ್ನಡ ಶಾಸನಗಳಲ್ಲಿ ಇಂಥ ದತ್ತಿಗಳಿಗೆ ಹಲವು ಹೆಸರುಗಳಿವೆ. ವೀರನ ಕಲ್ಲಿನೊಡನೆ ಕೊಟ್ಟದ್ದು ಕಲ್ನಾಡು; ರಕ್ತ ಚೆಲ್ಲಿದುದಕ್ಕಾಗಿ ಕೊಟ್ಟದ್ದು ನೆತ್ತರುಗೊಡಗೆ; ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಳ್ಚು. ಒಂದು ಭಾವನೆಗೆ ಇಷ್ಟು ಕಾನೂನಿನ ಪದಗಳು ಹುಟ್ಟಿರುವುದನ್ನು ನೋಡಿದರೆ, ಆ ಕಾಲದ ಸಮಾಜ ವೀರಸ್ಮರಣೆಯನ್ನು ಭಾವನೆಯೆಂದಲ್ಲ, ಋಣವೆಂದೇ ಬಗೆದಿತ್ತೆಂದು ತಿಳಿಯುತ್ತದೆ.

ಆತಕೂರಿನ ಕಲ್ಲು ಇನ್ನೂ ಕಟ್ಟುನಿಟ್ಟು. ಹತ್ತನೆಯ ಶತಮಾನದ ನಡುವಿನ ಆ ಶಾಸನದಲ್ಲಿ ಮಣಲೇರನೆಂಬ ವೀರನು ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಹಂದಿಯೊಡನೆ ಸೆಣಸಿ ಆ ನಾಯಿ ಸತ್ತಾಗ ಅದಕ್ಕೂ ಕಲ್ಲು ನೆಟ್ಟು ಭೂಮಿ ಬಿಡಲಾಯಿತು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದ ಗೊರವನಿಗೆ ಪಾಪ ತಟ್ಟುವುದೆಂಬ ಕಟ್ಟಳೆಯನ್ನೂ ಬರೆಸಿದ್ದಾರೆ. ಹಿಂಸೆಯ ಬೇಟೆಯನ್ನು ಜೈನ ಓದುಗರು ಒಪ್ಪಬೇಕಾಗಿಲ್ಲ. ಆದರೆ ಸ್ಮರಣೆಯ ಹೊಣೆ ಯಾರದು, ತಪ್ಪಿದರೆ ಏನು ಎಂಬುದನ್ನು ಹೆಸರಿಟ್ಟು ಹೇಳಿರುವ ರೀತಿ ಮನನೀಯವಾಗಿದೆ. ಇಂದಿನ ಯಾವ ಸ್ಮಾರಕಫಲಕದಲ್ಲಿ, ‘ಇದನ್ನು ಇಂಥವರು ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲು ಇದೆ?

ಬೆಂಪೂರಿನ ಹಳ್ಳಿಗಳ ಪಟ್ಟಿಗೆ ಮತ್ತೆ ಬರಬೇಕು. ಅದರಲ್ಲಿನ ತೊವಗೂರು ಎಂಬ ಹೆಸರಿನಲ್ಲಿ ಇಂದಿನ ತೋಗೂರಿನ ದನಿ ಕೇಳುತ್ತದೆ. ಇಗ್ಗಲೂರು ಎಂಬ ಊರು ಚಂದಾಪುರದ ಸಮೀಪದಲ್ಲಿ ಇಂದಿಗೂ ಇದೆ. ಕೂಡಲೆ ಎಂಬುದು ಕೂಡ್ಲು ಇದ್ದೀತು. ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ್ದು ದೊಡ್ಡತೋಗೂರು ಮತ್ತು ಕೋಣಪ್ಪನ ಅಗ್ರಹಾರಗಳ ಭೂಮಿಯಲ್ಲಿ. ಹೆಸರುಗಳ ಈ ಹೋಲಿಕೆ ನಿಜವಾದರೆ, ಒಬ್ಬ ಸೈನಿಕನ ಪ್ರಾಣಕ್ಕೆ ಪ್ರತಿಯಾಗಿ ಬಿಟ್ಟುಕೊಟ್ಟ ನೆಲದ ಮೇಲೆಯೇ ದೇಶದ ಅತಿದೊಡ್ಡ ಉದ್ಯಮಕೇಂದ್ರಗಳಲ್ಲೊಂದು ಎದ್ದು ನಿಂತಿದೆ.

ಅದೇ ಸೀಮೆಯಲ್ಲಿ 2023ರ ನವೆಂಬರ್ 25ರಂದು ಒಂದು ಶವಯಾತ್ರೆ ನಡೆಯಿತು. ಜಮ್ಮು-ಕಾಶ್ಮೀರದ ರಾಜೌರಿ ಜಿಲ್ಲೆಯಲ್ಲಿ ಭಯೋತ್ಪಾದಕರೊಡನೆ ನಡೆದ ಕಾದಾಟದಲ್ಲಿ ಮಡಿದ, 63ನೆಯ ರಾಷ್ಟ್ರೀಯ ರೈಫಲ್ಸ್‌ನ ಕ್ಯಾಪ್ಟನ್ ಎಂ. ವಿ. ಪ್ರಾಂಜಲ್ ಅವರ ಪಾರ್ಥಿವ ಶರೀರವನ್ನು ಜಿಗಣಿಯಿಂದ ಕೂಡ್ಲುವಿನ ಚಿತಾಗಾರಕ್ಕೆ ತರಲಾಯಿತು. ಅವರ ವಯಸ್ಸು 29. ದಾರಿಯ ಇಕ್ಕೆಲಗಳಲ್ಲಿ ಶಾಲೆಯ ಮಕ್ಕಳು, ಕಾರ್ಖಾನೆಯ ಕೆಲಸಗಾರರು, ಅಂಗಡಿಯವರು ನಿಂತರು, ಹೂವು ಎರಚಿದರು, ಧ್ವಜ ಹಿಡಿದರು. ಜನರ ದುಃಖದಲ್ಲಿ ಕೃತಕತೆ ಇರಲಿಲ್ಲ. ಆ ದಿನ ಅಲ್ಲಿ ನಿಂತವರನ್ನು ಯಾವ ವಿಮರ್ಶೆಯೂ ಹಳಿಯಲಾರದು, ಹಳಿಯಕೂಡದು. ಪ್ರಶ್ನೆ ಇರುವುದು ಆ ದಿನದ ಬಗ್ಗೆ ಅಲ್ಲ. ಹೂವು ಎರಚಿದಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ಸಮಾಜ ತಿಳಿಯುವ ಅಭ್ಯಾಸದ ಬಗ್ಗೆ.

ಹೂವಿನ ಈ ಪ್ರಸಂಗವನ್ನು ಎರಡು ಸಾವಿರ ವರ್ಷಗಳಿಗೂ ಹಿಂದಿನ ನೆನಪೊಂದು ಬೆಳಗಿಸುತ್ತದೆ. ಶ್ವೇತಾಂಬರ ಆಗಮವಾದ ವ್ಯಾಖ್ಯಾಪ್ರಜ್ಞಪ್ತಿಯ, ಅಂದರೆ ಭಗವತೀ ಸೂತ್ರದ, ಏಳನೆಯ ಶತಕದಲ್ಲಿ ಗೌತಮ ಗಣಧರರು ಭಗವಾನ್ ಮಹಾವೀರರನ್ನು ಕೇಳುತ್ತಾರೆ: ಯುದ್ಧದಲ್ಲಿ ಸತ್ತವರೆಲ್ಲ ದೇವಲೋಕದಲ್ಲಿ ಹುಟ್ಟುವರೆಂದು ಬಹುಜನರು ಹೇಳುತ್ತಾರಲ್ಲ, ಇದು ನಿಜವೇ? ಭಗವಂತರ ಉತ್ತರ ಸ್ಪಷ್ಟ. ಹಾಗೆ ಹೇಳುವುದು ಮಿಥ್ಯೆ. ಆಮೇಲೆ ಅವರು ವರುಣನೆಂಬ ಶ್ರಾವಕನ ವೃತ್ತಾಂತವನ್ನು ಹೇಳುತ್ತಾರೆ. ವೈಶಾಲಿಯವನಾದ ಆತ ಅರಸಾಜ್ಞೆಯಿಂದ ರಥಮುಸಲ ಸಂಗ್ರಾಮಕ್ಕೆ ಹೋಗಬೇಕಾಯಿತು. ತನ್ನ ಮೇಲೆ ಮೊದಲು ಪ್ರಹಾರ ಮಾಡಿದವನ ಮೇಲಲ್ಲದೆ ಕೈಮಾಡೆನೆಂದು ವ್ರತ ತೊಟ್ಟನು. ಎದುರಾಳಿಯ ಬಾಣ ತಾಗಿದ ಮೇಲೆ ತಾನೂ ಬಾಣ ಬಿಟ್ಟು ಅವನನ್ನು ಕೊಂದನು. ತನ್ನ ಗಾಯ ಮಾರಣಾಂತಿಕವೆಂದು ಅರಿತು ರಣದಿಂದ ಪಕ್ಕಕ್ಕೆ ಸರಿದು, ಕುದುರೆಗಳನ್ನು ಬಿಡಿಸಿ ಕಳುಹಿಸಿ, ದರ್ಭೆಯ ಮೇಲೆ ಕುಳಿತು, ಸಮಸ್ತ ಹಿಂಸೆಯನ್ನೂ ತ್ಯಜಿಸಿ, ಬಾಣವನ್ನು ಕಿತ್ತು ಸಮಾಧಿಯಿಂದ ಪ್ರಾಣ ಬಿಟ್ಟನು. ದೇವತೆಗಳು ಸುಗಂಧಜಲವನ್ನೂ ಹೂಮಳೆಯನ್ನೂ ಸುರಿಸಿದರು. ದೂರದಿಂದ ಅದನ್ನು ಕಂಡ ಜನ, ‘ಯುದ್ಧದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುತ್ತಾರೆ’ ಎಂದು ಆಡಿಕೊಂಡರು.

ಸೂತ್ರಕಾರರ ಸೂಕ್ಷ್ಮತೆ ಬೆರಗುಗೊಳಿಸುವಂಥದು. ಜನರಿಗೆ ಹೂವು ಕಂಡಿತು, ವ್ರತ ಕಾಣಲಿಲ್ಲ. ವರುಣನು ಮೊದಲು ಕೈಯೆತ್ತದೆ ಕಾದದ್ದು, ಕೊಂದ ಮೇಲೆ ಅದನ್ನು ಹೆಮ್ಮೆಯೆನ್ನದೆ ತ್ಯಜಿಸಬೇಕಾದ ಹಿಂಸೆಯೆಂದು ಒಪ್ಪಿಕೊಂಡದ್ದು, ಮೂಕ ಕುದುರೆಗಳನ್ನು ಮೊದಲು ಬಿಡಿಸಿದ್ದು, ಇವು ಯಾವುವೂ ಜನರ ಬಾಯಿಗೆ ಬರಲಿಲ್ಲ. ಮೂರು ಅಂತಸ್ತಿನ ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವ ಪಟ್ಟಿಕೆ ಇರುತ್ತದಷ್ಟೆ. ಅದು ಈ ಜನಾಭಿಪ್ರಾಯದ ಶಿಲ್ಪರೂಪ. ಜೈನದೃಷ್ಟಿ ಇದನ್ನು ಒಪ್ಪದು. ಯೋಧನ ಗತಿಯನ್ನು ನಿರ್ಣಯಿಸುವುದು ಅವನ ಭಾವ ಮತ್ತು ಕರ್ಮ, ಊರಿನ ಮೆರವಣಿಗೆಯಲ್ಲ.

ಇಲ್ಲಿ ಒಂದು ಆಕ್ಷೇಪ ಕೇಳಿಬರುವುದುಂಟು. ಸ್ವರ್ಗದ ಆಶ್ವಾಸನೆ ಸುಳ್ಳಾದರೆ, ಅಹಿಂಸೆಯೇ ಪರಮಧರ್ಮವಾದರೆ, ಯುದ್ಧಸ್ಮಾರಕಗಳಿಗೂ ಜಿನಮಂದಿರದ ಟ್ರಸ್ಟುಗಳಿಗೂ ಏನು ಸಂಬಂಧ? ಸೈನಿಕರನ್ನು ಸನ್ಮಾನಿಸುವುದು ಹಿಂಸೆಗೆ ಅನುಮೋದನೆ ಕೊಟ್ಟಂತೆ ಆಗದೇ? ಆಕ್ಷೇಪ ಹಗುರವಾದುದಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಚಪ್ಪಾಳೆಯೂ ಕರ್ಮವೇ. ಆದರೆ ಆಕ್ಷೇಪಿಸುವವರು ಅದೇ ಶಾಸ್ತ್ರದ ಉಳಿದರ್ಧವನ್ನೂ ಓದಬೇಕು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ನಿಷಿದ್ಧ. ಆರಂಭೀ, ಉದ್ಯೋಗೀ, ವಿರೋಧೀ ಎಂಬ ಮೂರನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ಬಲ್ಲರು. ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ, ರಣದಲ್ಲಿ ಶಸ್ತ್ರ ಹಿಡಿದು ಎದುರು ನಿಂತವನ ಮೇಲೆ, ನಾಡಿಗೆ ಮುಳ್ಳಾದವನ ಮೇಲೆ ಮಾತ್ರ ಆಯುಧ ಎತ್ತಬಹುದೆಂದೂ ದೀನರ ಮೇಲೆ ಎತ್ತಲಾಗದೆಂದೂ ಗೆರೆ ಎಳೆದಿದ್ದಾರೆ. ಆ ವಿರೋಧೀ ಹಿಂಸೆಯ ಭಾರವನ್ನು ಇಂದು ಸಮಾಜದ ಪರವಾಗಿ ಹೊರುತ್ತಿರುವವನು ಯಾರು? ವ್ಯಾಪಾರಿಯ ಮಳಿಗೆ ರಾತ್ರಿ ನಿರ್ಭಯವಾಗಿ ಮುಚ್ಚಿಕೊಳ್ಳುವುದು, ಚಾತುರ್ಮಾಸ್ಯದ ಪ್ರವಚನ ನಿರ್ವಿಘ್ನವಾಗಿ ನಡೆಯುವುದು ಆ ಭಾರ ಇನ್ನೊಬ್ಬರ ಹೆಗಲ ಮೇಲಿರುವುದರಿಂದ. ಪೀಣ್ಯದ ಸಣ್ಣ ಯಂತ್ರಶಾಲೆಗಳಲ್ಲಿ ರಕ್ಷಣಾ ಉದ್ದಿಮೆಗಳಿಗೆ ಬೇಕಾದ ಬಿಡಿಭಾಗಗಳನ್ನು ಕಡೆದು ಕೊಡುವವರಿದ್ದಾರೆ. ಆ ಲಾಭದಲ್ಲಿ ದೇವಸ್ಥಾನಕ್ಕೆ ಬಂದ ಕಾಣಿಕೆಯೂ ಇರಬಹುದು. ಜಮೆಯನ್ನು ಬರೆದುಕೊಂಡು ಖರ್ಚನ್ನು ಇನ್ನೊಬ್ಬರ ಖಾತೆಗೆ ಹಾಕುವ ಲೆಕ್ಕವನ್ನು ಯಾವ ಸಾಹುಕಾರನೂ ಒಪ್ಪುವುದಿಲ್ಲ.

ಪೂರ್ವಿಕರಿಗೆ ಈ ಮುಜುಗರ ಇರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಸಲ್ಲೇಖನದ ಪರಮಪವಿತ್ರ ನೆಲೆ. ಅಲ್ಲಿಯೇ ಸಾವಿಯಬ್ಬೆಯ ವೀರಗಲ್ಲಿದೆ. ಲೋಕವಿದ್ಯಾಧರನ ಮಡದಿಯಾದ ಆಕೆ ಬಗೆಯೂರಿನ ಕಾಳಗದಲ್ಲಿ ಕುದುರೆಯೇರಿ, ಕತ್ತಿ ಹಿಡಿದು, ಆನೆಯ ಮೇಲಿನವನನ್ನು ಎದುರಿಸಿ ಮಡಿದಳು. ಆಕೆಯ ಶ್ರಾವಕಗುಣವನ್ನು ರೇವತಿ ರಾಣಿಗೆ ಹೋಲಿಸಿ ಶಾಸನ ಹೊಗಳುತ್ತದೆ. ಗಂಗ ಮಾರಸಿಂಹನ ಸ್ತಂಭವೂ ಅಲ್ಲೇ ಇದೆ. ಅವನ ದಂಡಯಾತ್ರೆಗಳನ್ನು ಉದ್ದಕ್ಕೂ ಎಣಿಸಿದ ಶಾಸನ, 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಅವನು ಸಲ್ಲೇಖನ ಕೈಗೊಂಡದ್ದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತದೆ. ಪ್ರಶಸ್ತಿಕಾರನಿಗೆ ಯುದ್ಧವೇ ಹೆಚ್ಚು ಇಷ್ಟವಾಗಿತ್ತೆಂದು ತೋರುತ್ತದೆ. ಆಸ್ಥಾನಕವಿಗಳ ದೌರ್ಬಲ್ಯ ಎಲ್ಲ ಕಾಲಕ್ಕೂ ಒಂದೇ. ರನ್ನನು ಮಾತ್ರ ಬೇರೆ. ಗದಾಯುದ್ಧದಲ್ಲಿ ಅವನ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಸತ್ತವನಿಗೆ ಸಲ್ಲುವ ಗೌರವವನ್ನು ಅವನ ಪಕ್ಷದ ಜಯಾಪಜಯದಿಂದ ಬೇರ್ಪಡಿಸಿ ತೋರಿಸಿದ ಈ ಸ್ಥಳವನ್ನು ಯುದ್ಧೋತ್ಸಾಹದ ಭಾಷಣಕಾರರು ಒಮ್ಮೆ ಓದಬೇಕು.

ಪದಗಳ ವಿಚಾರ. ‘ಹುತಾತ್ಮ’ ಎಂಬುದು ಈಗ ಪತ್ರಿಕೆಗಳಿಂದ ಹಿಡಿದು ವೃತ್ತಗಳ ನಾಮಫಲಕಗಳವರೆಗೆ ಸರ್ವತ್ರ ಬಳಕೆಯಲ್ಲಿದೆ. ಹುತ ಎಂದರೆ ಅಗ್ನಿಯಲ್ಲಿ ಹೋಮಿಸಿದ್ದು. ಸೈನಿಕನನ್ನು ಹವಿಸ್ಸೆಂದು ಕರೆಯುವ ಈ ಪದವನ್ನು, ಯಜ್ಞದ ಪಶುವನ್ನು ಉಳಿಸಲು ಶತಮಾನಗಳ ಕಾಲ ವಾದಿಸಿದ ಸಮಾಜವೂ ಯೋಚಿಸದೆ ಬಳಸುತ್ತಿದೆ. ಹವಿಸ್ಸಿಗೆ ಸಂಬಳದ ಬಾಕಿ ಇರುವುದಿಲ್ಲ, ಓದುವ ಮಕ್ಕಳಿರುವುದಿಲ್ಲ, ಮುರಿದ ಕಾಲಿರುವುದಿಲ್ಲ. ಸೇನೆಯು ಇಂಥ ಪದವನ್ನು ಬಳಸುವುದಿಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿಯೇ ತಿಳಿಸಿದೆ. ಬೇಗೂರಿನ ಶಾಸನದ ಕ್ರಿಯಾಪದ ‘ಸತ್ತಂ’. ಇದಕ್ಕಿಂತ ನೇರವಾದ ಮಾತು ಕನ್ನಡದಲ್ಲಿಲ್ಲ. ಇದಕ್ಕಿಂತ ಹೆಚ್ಚು ಹೊಣೆ ಹೊರಿಸುವ ಮಾತೂ ಇಲ್ಲ.

ಗಾತ್ರದ ವಿಚಾರವೂ ಇದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿ ಎತ್ತರದ ಏಕಶಿಲೆಯನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲೆಂದೇ ಹೆಸರಿಡಲಾಗಿದೆ. ದೇವನಹಳ್ಳಿಯ ಕಡೆಯ ಕೊಯಿರದಿಂದ ಆ ಶಿಲೆಯನ್ನು ತಂದು ನಿಲ್ಲಿಸುವುದು ದೊಡ್ಡ ಸಾಹಸವೇ ಆಗಿತ್ತು. ಹೆಸರಿನ ಆಯ್ಕೆ ಮೆಚ್ಚತಕ್ಕದ್ದು. ಸ್ಮಾರಕದ ಗೋಡೆಗಳ ಮೇಲೆ ಸಾವಿರಾರು ಯೋಧರ ಹೆಸರುಗಳನ್ನು ಕೆತ್ತಿರುವುದು ಇನ್ನೂ ಮೆಚ್ಚತಕ್ಕದ್ದು. ಅಕ್ಷರಗಳ ಮೇಲೆ ಬೆರಳಾಡಿಸುವ ತಾಯಿಗೆ ಆ ಗೋಡೆ ಬೇಕು. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿಯೂ 25,942 ಹೆಸರುಗಳನ್ನು ಕೆತ್ತಲಾಗಿತ್ತು. ಆದರೂ ವೀರಗಲ್ಲಿನ ಮೂಲಲಕ್ಷಣ ಎತ್ತರವಲ್ಲ. ಅದು ಸಾಮಾನ್ಯವಾಗಿ ಆಳೆತ್ತರದ ಕಲ್ಲು. ಒಬ್ಬನಿಗಾಗಿ, ಅವನ ಊರಿನಲ್ಲಿ, ಅವನನ್ನು ಬಲ್ಲವರ ಕಣ್ಣಮುಂದೆ ನಿಲ್ಲುವ ಕಲ್ಲು. ಕತ್ತೆತ್ತಿ ನೋಡುವ ಶಿಲೆ ರಾಷ್ಟ್ರದ್ದು. ಕಣ್ಣಿಗೆ ಕಣ್ಣು ಕೊಟ್ಟು ನೋಡುವ ಕಲ್ಲು ಊರಿನದು. ಎರಡೂ ಇರಲಿ. ಹೊರವಲಯದ ಊರುಗಳಲ್ಲಿ ರಸ್ತೆ ಅಗಲವಾದಂತೆ, ಬಡಾವಣೆ ಎದ್ದಂತೆ ಎರಡನೆಯದು ಚರಂಡಿಯ ಚಪ್ಪಡಿಯಾಗಿ ಹೋಗುತ್ತಿರುವುದು ಮಾತ್ರ ನೋವಿನ ಸಂಗತಿ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲನ್ನು ನಾಗರಿಕರೇ ಮುಂದೆ ಬಂದು ಉಳಿಸಿಕೊಂಡಿರುವುದು ಇದಕ್ಕೆ ಅಪವಾದ. ಅಲ್ಲಿ ಸರ್ಕಾರದ ಆದೇಶಕ್ಕಾಗಿ ಯಾರೂ ಕಾಯಲಿಲ್ಲ.

ಸತ್ತವರ ಮಾತು ಇಷ್ಟಾಯಿತು. ಬದುಕಿ ಬಂದವನ ಸ್ಥಿತಿಯನ್ನು ನೋಡಲು ಸ್ಮಾರಕಕ್ಕೆ ಹೋಗಬೇಕಾಗಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಯಾವುದಾದರೊಂದು ಗೇಟಿನ ಮುಂದೆ ನಿಂತರೆ ಸಾಕು. ಹದಿನೈದು-ಹದಿನೇಳು ವರ್ಷ ಸೇವೆ ಸಲ್ಲಿಸಿ ನಲವತ್ತರ ಒಳಗೇ ನಿವೃತ್ತನಾಗುವ ಸಿಪಾಯಿಗೆ ಪಿಂಚಣಿ ಇದೆ. ಆದರೆ ಮಕ್ಕಳ ಓದು, ಬಾಡಿಗೆ, ವೃದ್ಧ ತಂದೆತಾಯಿ ಎಂದು ಸಂಸಾರದ ಖರ್ಚು ಏರುವುದು ಆಗಲೇ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಮೂಲಕವೂ ಹಲವರು ಕಾವಲು ಕೆಲಸಕ್ಕೆ ಬರುತ್ತಾರೆ. ಕೆಲಸ ಹೀನವಾದುದಲ್ಲ, ಗೇಟು ಕಾಯುವುದರಲ್ಲಿ ಅವಮಾನವೂ ಇಲ್ಲ. ಅವಮಾನ ಇರುವುದು ಅವನನ್ನು ನೋಡದಿರುವುದರಲ್ಲಿ. ಸಿಯಾಚಿನ್ನಿನ ಹಿಮದಲ್ಲಿ ನಿಂತು ಬಂದವನು ಮಧ್ಯಾಹ್ನದ ಬಿಸಿಲಿನಲ್ಲಿ ಕಾರಿನ ಡಿಕ್ಕಿಯನ್ನು ಕನ್ನಡಿ ಹಿಡಿದು ಪರೀಕ್ಷಿಸುತ್ತಾನೆ. ಒಳಗಿರುವವರು ಫೋನಿನಿಂದ ತಲೆಯೆತ್ತುವುದಿಲ್ಲ. ಜನವರಿ 26ರಂದು ಅದೇ ಆವರಣದಲ್ಲಿ ದೇಶಭಕ್ತಿಗೀತೆಗಳ ಸ್ಪರ್ಧೆ ನಡೆಯುತ್ತದೆ. ಗೇಟಿನಲ್ಲಿರುವವನನ್ನು ಒಳಕ್ಕೆ ಕರೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹನ್ನೆರಡು ಗಂಟೆಯ ಪಾಳಿಯಲ್ಲಿ ಕುಳಿತುಕೊಳ್ಳಲು ಕುರ್ಚಿ ಇದೆಯೇ, ಏಜೆನ್ಸಿಯ ಕೈ ದಾಟಿ ಪೂರ್ಣ ವೇತನ ಅವನ ಕೈ ಸೇರುತ್ತಿದೆಯೇ ಎಂದು ವಿಚಾರಿಸುವ ಮಾಲೀಕರು ವಿರಳ. ಆ ಮಾಲೀಕರಲ್ಲಿ ಧರ್ಮಶ್ರದ್ಧೆಯುಳ್ಳ ಶ್ರಾವಕರೂ ಇದ್ದಾರೆ. ಬಸದಿಗಳ, ಸಮಾಜಭವನಗಳ ಬಾಗಿಲಲ್ಲಿಯೂ ಅಂಥ ಕಾವಲುಗಾರರಿದ್ದಾರೆ.

ಮುಂದಿನ ದಿನಗಳು ಇನ್ನೂ ಕಠಿಣ. 2022ರ ಜೂನ್‌ನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ. ಅನಂತರ ಶೇಕಡಾ 25ರವರೆಗೆ ಮಾತ್ರ ಮುಂದುವರಿಸುವ ನಿಯಮ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಉಂಟು, ಪಿಂಚಣಿ ಇಲ್ಲ. 2022ರ ಕೊನೆಯಲ್ಲಿ ತರಬೇತಿಗೆ ಸೇರತೊಡಗಿದ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026-27ರ ಸಂಧಿಯಲ್ಲಿ. ಯೋಜನೆಯ ಗುಣದೋಷ ಬೇರೆ ಚರ್ಚೆ. ಇಪ್ಪತ್ತೆರಡು, ಇಪ್ಪತ್ತೈದರ ತರುಣರು ಶಸ್ತ್ರವಿದ್ಯೆ ಕಲಿತು, ಶಿಸ್ತು ಕಲಿತು, ಕೆಲಸ ಹುಡುಕಿಕೊಂಡು ಈ ಕೈಗಾರಿಕಾ ಬಾಗಿಲುಗಳಿಗೆ ಬರುವುದು ನಿಶ್ಚಿತ. ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುವುದೋ, ಒಳಗೆ ಯಂತ್ರದ ಮುಂದೆ ಕೂರಿಸಿ ಕಸುಬು ಕಲಿಸುವುದೋ ಎಂಬುದನ್ನು ಪೀಣ್ಯದ ಉದ್ಯಮಿಗಳು ತೀರ್ಮಾನಿಸಬೇಕಾಗುತ್ತದೆ. ಸರ್ಕಾರ ಕೊಟ್ಟಿಲ್ಲವೆಂದು ದೂರುವುದಕ್ಕೆ ಅಲ್ಲಿ ಅವಕಾಶವಿಲ್ಲ, ಏಕೆಂದರೆ ಕೊಡಬೇಕಾದವರು ಅವರೇ.

ಸನ್ಮಾನ ಸಮಾರಂಭಗಳ ಬಗ್ಗೆ ಹೆಚ್ಚು ಬರೆಯುವುದು ಬೇಡ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ. ಸ್ಮರಣಿಕೆಯ ಮೇಲೆ ಯೋಧನ ಹೆಸರಿಗಿಂತ ದಾನಿಯ ಹೆಸರು ದೊಡ್ಡ ಅಕ್ಷರದಲ್ಲಿ. ವೇದಿಕೆಯಲ್ಲಿ ಯೋಧನಿಗೆ ಎರಡು ನಿಮಿಷ, ಅಧ್ಯಕ್ಷರಿಗೆ ನಲವತ್ತು. ಕಾರ್ಯಕ್ರಮ ಮುಗಿದ ಮೇಲೆ ಆತ ಬಸ್ಸು ಹಿಡಿದು ಮನೆಗೆ ಹೋಗುತ್ತಾನೆ. ಇದನ್ನು ಕಾಣದ ಊರಿಲ್ಲ.

ಹಾಗಾದರೆ ಜೈನಸಮಾಜಕ್ಕೆ ಮಾದರಿ ಎಲ್ಲಿದೆ? ಬಹು ಹತ್ತಿರದಲ್ಲಿಯೇ ಇದೆ. ಆದರೆ ಆ ದೃಷ್ಟಿಯಿಂದ ಯಾರೂ ನೋಡಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಅರಿಯದ ಶ್ರಾವಕ ಕುಟುಂಬ ಕರ್ನಾಟಕದಲ್ಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದವಳು, ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು, 1007ರಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದವಳು ಎಂದು ಮಕ್ಕಳಿಗೂ ಗೊತ್ತು. ಆಕೆ ಯೋಧನ ವಿಧವೆ ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ಚಾಲುಕ್ಯರ ಸೇನಾನಿ ನಾಗದೇವ ರಣದಲ್ಲಿ ಮಡಿದಾಗ ಅವನ ಇನ್ನೊಬ್ಬ ಮಡದಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಚಿತೆಯೇರಲಿಲ್ಲ. ಮಗ ಅಣ್ಣಿಗದೇವನನ್ನು ಬೆಳೆಸಿದಳು. ವ್ರತಗಳಿಂದ ದೇಹವನ್ನು ದಂಡಿಸಿದಳು. ಸಂಪತ್ತನ್ನು ಶಾಸ್ತ್ರಕ್ಕೆ, ಜಿನಬಿಂಬಕ್ಕೆ, ಆಶ್ರಿತರಿಗೆ ಹರಿಸಿದಳು. ಇದಕ್ಕೆ ಆಕೆಯ ಶ್ರದ್ಧೆ ಎಷ್ಟು ಕಾರಣವೋ, ಆಕೆಯ ಕೈಯಲ್ಲಿ ಸಂಪತ್ತನ್ನು ಉಳಿಸಿ, ನಿರ್ಧಾರವನ್ನು ಆಕೆಗೇ ಬಿಟ್ಟ ಮನೆ ಮತ್ತು ಅರಮನೆಗಳೂ ಅಷ್ಟೇ ಕಾರಣ. ಯೋಧನು ಸತ್ತ ಮೇಲೆ ಅವನ ಮನೆಯವರನ್ನು ಕನಿಕರದ ವಸ್ತುವಾಗಿಸದೆ ದಾನ ಕೊಡಬಲ್ಲ ಸ್ಥಿತಿಯಲ್ಲಿ ಉಳಿಸಿದ ಸಮಾಜ ಅದು. ಇಂದು ನಾಗದೇವನ ಹೆಸರು ಉಳಿದಿರುವುದು ಅವನ ಕಾಳಗಗಳಿಂದಲ್ಲ, ಅವಳಿಂದ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ಟ್ರಸ್ಟುಗಳಲ್ಲಿ ವ್ಯವಸ್ಥೆ ಇದೆ. ನಾಲ್ಕನೆಯದನ್ನು ಹೆಚ್ಚಾಗಿ ಪ್ರಾಣಿರಕ್ಷಣೆಗೆ ಸೀಮಿತಗೊಳಿಸಲಾಗಿದೆ, ಅದು ತಪ್ಪಲ್ಲ. ಆದರೆ ಮುಂದಿನ ತಿಂಗಳ ಬಾಡಿಗೆಯ ಭಯ, ಮಗಳ ಕಾಲೇಜು ಶುಲ್ಕದ ಭಯ, ಅಂಗವಿಕಲನಾದ ಮಗನನ್ನು ತನ್ನ ನಂತರ ಯಾರು ನೋಡುವರೆಂಬ ತಾಯಿಯ ಭಯ, ಇವೂ ಭಯಗಳೇ. ದೇವಸ್ಥಾನದ ಆಸುಪಾಸಿನ ನಾಲ್ಕು ಬೀದಿಗಳಲ್ಲಿ ಇಂಥ ಕುಟುಂಬಗಳು ಎಷ್ಟಿವೆ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಕಾಗಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಂದು ಭೇಟಿ ಸಾಕು. 1949ರಿಂದ ಪ್ರತಿ ಡಿಸೆಂಬರ್ 7ರಂದು ಆಚರಿಸುತ್ತಿರುವ ಸಶಸ್ತ್ರ ಪಡೆಗಳ ಧ್ವಜದಿನದಂದು ಶಾಲೆಯ ಮಕ್ಕಳು ಡಬ್ಬಿ ಹಿಡಿದು ಬಂದಾಗ ಹತ್ತು ರೂಪಾಯಿ ಹಾಕಿ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುವವರೇ, ತಮ್ಮ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ಮುಂಗಡಪತ್ರಕ್ಕೆ ಕೈಯೆತ್ತಿ ಒಪ್ಪಿಗೆ ಕೊಡುವವರೂ ಆಗಿರುತ್ತಾರೆ. ಆ ಮುಂಗಡಪತ್ರದಲ್ಲಿ ಅಭಿಷೇಕಕ್ಕೆ ಒಂದು ಸಾಲಿದೆ, ದೀಪದ ಎಣ್ಣೆಗೆ ಒಂದು ಸಾಲಿದೆ, ಬಣ್ಣ-ಸುಣ್ಣಕ್ಕೆ ಒಂದು ಸಾಲಿದೆ, ಕಾವಲಿನ ಏಜೆನ್ಸಿಗೆ ಕೊಡುವ ಹಣಕ್ಕೂ ಒಂದು ಸಾಲಿದೆ. ಆ ಕೊನೆಯ ಸಾಲನ್ನು ಓದುವಾಗ ಗೇಟಿನಲ್ಲಿ ನಿಂತವನ ಹೆಸರೇನೆಂದು ಕೇಳಿದ ಸದಸ್ಯರು ಎಷ್ಟು ಮಂದಿ?